ಬೀರುವಿನ ಹಿಂದಿನ ಗೋಡೆ

ಬಣ್ಣ ಬಳಿದರೆ ಗೋಡೆಯ ತೇವ ಹೋಗುವುದಿಲ್ಲ. ಇದು ಮನೆ ಬಾಡಿಗೆಗೆ ಕೊಡುವವರಿಗೂ ಗೊತ್ತು, ಹಿಡಿಯುವ ನಮಗೂ ಗೊತ್ತು.

ಆ ಐದಂತಸ್ತಿನ ಕಟ್ಟಡವನ್ನು ಹನ್ನೆರಡು ವರ್ಷ ಗುಡಿಸಿ ಒರೆಸಿದವಳನ್ನು ಎಲ್ಲರೂ ಕೀಲಿ ಅಕ್ಕ ಎನ್ನುತ್ತಿದ್ದರು. ಖಾಲಿ ಮನೆಗಳ ಕೀಲಿಗೊಂಚಲು ಅವಳ ಸೊಂಟದಲ್ಲೇ ಇರುತ್ತಿತ್ತು. ಮೆಟ್ಟಿಲ ಕೆಳಗೆ ಮಾಲೀಕ ಕೊಟ್ಟ ಕೋಣೆಯಲ್ಲಿ ಅವಳು ಮತ್ತು ಹಾಸಿಗೆ ಹಿಡಿದ ಗಂಡ. ಮೂರನೇ ಮಹಡಿಯ ಮನೆ ನೋಡಲು ಯಾರೇ ಬರಲಿ, ಮಲಗುವ ಕೋಣೆಯ ಬೂಷ್ಟು ಹಿಡಿದ ಗೋಡೆಗೆ ಮೊದಲು ಬೀರು ಒತ್ತಿ ನಿಲ್ಲಿಸಬೇಕೆಂದು ಮಾಲೀಕನ ಅಪ್ಪಣೆ.

ಕಳೆದ ತಿಂಗಳು ಒಬ್ಬ ಮೇಷ್ಟ್ರು ಉಬ್ಬಸದ ಮಗುವನ್ನು ಎತ್ತಿಕೊಂಡು ಬಂದರು. ಅದು ಉಸಿರೆಳೆದರೆ ಎದೆಯೊಳಗೆ ಸೀಟಿ ಊದಿದಂತಿತ್ತು. ಅಕ್ಕನಿಗೆ ತಡೆಯಲಾಗಲಿಲ್ಲ, ಬೀರು ಎಳೆದೇಬಿಟ್ಟಳು.

"ಈ ಮಗೂನ ಇಲ್ಲಿ ಮಲಗಿಸ್ಬೇಡಿ ಸಾರ್. ನಾನು ಹೇಳ್ದೆ ಅಂತ ಮಾತ್ರ ಬಾಯಿ ಬಿಡ್ಬೇಡಿ, ನಮಗಿರೋದು ಮಾಲೀಕರು ಕೊಟ್ಟ ಆ ಮೆಟ್ಟಿಲ ಕೆಳಗಿನ ಕೋಣೆ ಒಂದೇ."

"ಛೆ ಛೆ, ಎಂಥ ಮಾತಕ್ಕಾ! ನಾನೇನು ಅಷ್ಟೂ ಗೊತ್ತಿಲ್ದೋನಾ?" ಎಂದರು ಮೇಷ್ಟ್ರು.

ಕೆಳಗಿಳಿದವರೇ ಮಾಲೀಕನೊಡನೆ ಚೌಕಾಸಿಗೆ ನಿಂತರು. "ಗೋಡೆ ಕೊಳೀತಿದೆ ಅಂತ ನಿಮ್ಮ ಕೀಲಿಯವಳೇ ಹೇಳ್ತಾಳಲ್ರೀ, ಬಾಡಿಗೆ ಇಳಿಸಿ!"

ಬಾಡಿಗೆ ಇಳಿಯಿತು. ಸಂಜೆಯೊಳಗೆ ಕೋಣೆ ಖಾಲಿ ಮಾಡೆಂದು ಅಕ್ಕನಿಗೆ ಹೇಳಿದ ಮಾಲೀಕ. ಅವಳು ಗಂಡನನ್ನು ತರಕಾರಿಯ ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ಹೋದಳು. ಮೇಷ್ಟ್ರ ಮಗು ಈಗ ಅದೇ ಬೀರುವಿನ ಪಕ್ಕದಲ್ಲಿ ಮಲಗುತ್ತದೆ.

ಸ್ವಾಮೀ, ನಿಮ್ಮ ಮಗು ಉಳಿಯಲಿ ಎಂದು ಯಾರಾದರೂ ತಮ್ಮ ಸೂರನ್ನೇ ಪಣಕ್ಕಿಟ್ಟು ನಿಜ ಹೇಳಿದರೆ, ಅದನ್ನು ಚೌಕಾಸಿಗೆ ಬಳಸಬೇಡಿ. ಹೇಳಿದವರ ಹೆಸರನ್ನು ನುಂಗಿಕೊಳ್ಳಿ.