ಹನ್ನೊಂದು ಪಾಲು

ಹನ್ನೊಂದರ ಮೇಲೆ ನನಗೆ ಮೊದಲಿಂದಲೂ ಸಿಟ್ಟು. ಸಂಜೆ ನಮ್ಮ ಜಗಲಿಗೆ ಟ್ಯೂಷನ್‌ಗೆ ಬರುವ ಮಕ್ಕಳಿಗೆ ಹುಣಸೆಬೀಜ ಕೊಟ್ಟು, ಸಮಸಾಲು ಮಾಡಿ ಎನ್ನುತ್ತೇನೆ. ಹನ್ನೆರಡು ಬೀಜ ಕೊಟ್ಟರೆ ತಂಟೆಯಿಲ್ಲ. ಎರಡು ಸಾಲು, ಮೂರು, ನಾಲ್ಕು, ಹೇಗೆ ಕೂರಿಸಿದರೂ ಕೂರುತ್ತವೆ. ಇವೆಲ್ಲ ಹನ್ನೆರಡರ ಅಪವರ್ತನಗಳು ಎಂದರೆ ಎಂಥ ತುಂಟನಿಗೂ ತಿಳಿಯುತ್ತದೆ. ಹನ್ನೊಂದು ಕೊಟ್ಟೆವೋ, ಗಲಾಟೆ ಶುರು. ಎರಡು ಸಾಲು ಮಾಡಿದರೆ ಒಂದು ಬೀಜ ಹೊರಗೆ, ಮೂರು ಮಾಡಿದರೆ ಎರಡು ಹೊರಗೆ. ಅದು ಅವಿಭಾಜ್ಯ, ಯಾರ ಮಾತೂ ಕೇಳುವುದಿಲ್ಲ ಎಂದು ಹೇಳಿಕೊಡುತ್ತಿದ್ದೆ.

ಹೇಳಿಕೊಡಲು ಉದಾಹರಣೆ ಮನೆಯಲ್ಲೇ ಇತ್ತು. ನನ್ನ ಗಂಡ ಮೀನಿನ ಬೋಟಿನಲ್ಲಿ ಎಂಜಿನ್ ನೋಡಿಕೊಳ್ಳುವವರು. ಬೋಟಿನಲ್ಲಿ ಒಟ್ಟು ಹನ್ನೊಂದು ಜನ. ಭಟ್ಕಳದ ಬಂದರಿಗೆ ಬಂದ ಕೂಡಲೇ, ಬೋಟಿನ ಹಿರಿಯ ತಾಂಡೇಲ ಮನೆಯ ಸಾರಿಗೆಂದು ತೆಗೆದಿಟ್ಟ ಮೀನನ್ನು ಬೋಟು ಕಟ್ಟುವ ಧಕ್ಕೆಯ ಮೇಲೆ ತಾಡಪಾಲು ಹಾಸಿ ಪಾಲು ಹಾಕುತ್ತಾನೆ. ದೊಡ್ಡವ ಸಣ್ಣವ ಎಂದಿಲ್ಲ, ಬೋಟಿನಲ್ಲಿ ಬಂದ ತಲೆಗೆ ಒಂದು ಪಾಲು. ಐದೈದರ ಎರಡು ಸಾಲು, ತುದಿಯಲ್ಲಿ ಒಂದು ಒಂಟಿ. ಎಂಜಿನ್ ಆರಿಸಿ ಕೊನೆಗೆ ಮೇಲೆ ಬರುವ ನನ್ನ ಗಂಡನದ್ದು ಆ ಒಂಟಿ ಪಾಲು.

"ನಿಮ್ಮ ಪಾಲಿಗೆ ಜೋಡಿನೇ ಇಲ್ಲ ಕಾಣಿ" ಎಂದು ಕೆಣಕಿದರೆ, "ಜೋಡಿ ಮನೇಲಿ ಅದೆಯಲಾ, ಅದರ ಬಾಯೇ ಸಾಕು" ಎನ್ನುತ್ತಿದ್ದರು.

ಒಂದು ಸಲ ಅವರು ಕಡಲಿಗೆ ಹೋದಾಗ ಗಾಳಿ ಎದ್ದಿತು. ಬರಬೇಕಾದ ದಿನ ಬೋಟು ಬರಲಿಲ್ಲ. ಫೋನು ಹತ್ತಲಿಲ್ಲ. ಯಾವುದೋ ಬೋಟಿನಿಂದ ಒಬ್ಬ ನೀರಿಗೆ ಬಿದ್ದನಂತೆ ಎಂಬ ಸುದ್ದಿ ಮಾತ್ರ ಬೆಳಕೆಯ ನಮ್ಮ ಕೇರಿಯವರೆಗೆ ಬಂತು. ಯಾವ ಬೋಟು ಎಂದು ಒಬ್ಬರಿಗೂ ಗೊತ್ತಿಲ್ಲ. ನಾನು ಗಾಳಿಗೆ ಬೈದೆ, ತಾಂಡೇಲನಿಗೆ ಬೈದೆ, ಸುದ್ದಿ ತಂದವಳಿಗೂ ಬೈದೆ. ಬೈಯುವುದು ನಿಲ್ಲಿಸಿದರೆ ಅಳು ಬರುತ್ತಿತ್ತು. ಅತ್ತೆ ಬಾಗಿಲಲ್ಲಿ ನಿಂತವರು ಕೂರಲೇ ಇಲ್ಲ.

ಮರುದಿನ ಬೆಳಿಗ್ಗೆ ಬೋಟು ಬಂತೆಂದು ಪಕ್ಕದ ಮನೆಯವರು ಕೂಗಿದರು. ಎಲ್ಲರೂ ಬಂದರೇ ಎಂದು ಕೇಳಲು ಬಾಯಿ ಬರಲಿಲ್ಲ. ಅತ್ತೆಯನ್ನು ರಿಕ್ಷಾ ಹತ್ತಿಸಿಕೊಂಡು ಓಡಿದೆ.

ಧಕ್ಕೆಯಲ್ಲಿ ಜನವೋ ಜನ. ಬೋಟಿನವರು ಯಾರೂ ಕಾಣಲಿಲ್ಲ. ಜನರ ಕಾಲುಗಳ ಸಂದಿಯಲ್ಲಿ ತಾಡಪಾಲು ಕಂಡಿತು. ಬಂಗುಡೆಯ ಪಾಲು ಎರಡು ಸಾಲಾಗಿ ಬಿದ್ದಿತ್ತು. ಸರಿಸಮ ಸಾಲು. ತುದಿಯಲ್ಲಿ ಒಂಟಿ ಇಲ್ಲ.

ಎರಡೈದಲಿ ಹತ್ತು. ಅಷ್ಟೇ ತಲೆಗೆ ಹೊಳೆದದ್ದು. ಅಯ್ಯೋ ದೇವರೇ, ಅವರದ್ದೇ ಇಲ್ಲವಲ್ಲ! ಕಣ್ಣಂದಾಜಿನಲ್ಲಿ ಹೇಳಬೇಡಿ, ಎಣಿಸಿ ಎಂದು ಮಕ್ಕಳ ತಲೆಗೆ ಮೊಟಕುವವಳು ನಾನು. ಎಣಿಸುವ ಧೈರ್ಯ ನನಗೇ ಬರಲಿಲ್ಲ. ಅತ್ತೆಯೇ ಬಗ್ಗಿ ಒಂದೊಂದು ಪಾಲನ್ನೂ ಬೆರಳಿನಿಂದ ಮುಟ್ಟುತ್ತ ಹೋದರು. ಕೊನೆಗೆ ನನ್ನ ರಟ್ಟೆ ಹಿಡಿದರು.

"ಹನ್ನೆರಡು ಅದೆ ಮಗಾ."

"ಹನ್ನೆರಡು ಎಂತಕ್ಕೆ?" ಎಂದೆ. ಆಗಲೇ ನನ್ನ ಗಂಡ ಎಣ್ಣೆಗೈಯಲ್ಲಿ ಬೋಟಿನಿಂದ ಮೇಲೆ ಬಂದರು. ಹೊಡೆಯಬೇಕೆನ್ನಿಸಿತು. ಹೊಡೆದೆ ಕೂಡ, ಎದೆಗೆ, ಎಲ್ಲರೆದುರು. "ಆತು, ಬಂದ್ನಲೇ ಮಾರಾಯ್ತಿ" ಎಂದರು. ನಗಲಿಲ್ಲ. ಡೀಸೆಲ್ ಡ್ರಮ್ಮಿನ ಪಕ್ಕ ಕೈ ತೋರಿಸಿದರು.

ಅಲ್ಲಿ ನನ್ನ ಗಂಡನ ಅಂಗಿ ತೊಟ್ಟ ಅಪರಿಚಿತನೊಬ್ಬ ಕೂತಿದ್ದ. ಹೊನ್ನಾವರದ ಕಡೆಯವನು. ಮಗುಚಿದ ದೋಣಿಯ ಹಲಗೆ ಹಿಡಿದು ಒಬ್ಬನೇ ತೇಲುತ್ತಿದ್ದವನನ್ನು ಇವರು ಎತ್ತಿ ತಂದಿದ್ದರು. ತಾಂಡೇಲ ಅವನಿಗೂ ಪಾಲು ಹಾಕಿದ್ದ, ನನ್ನ ಗಂಡನ ಪಾಲಿಗೆ ಜೋಡಿಯಾಗಿ.

"ದೋಣಿಲಿ ನಾವು ಏಳು ಜನ" ಎಂದ ಅವನು, ಯಾರೂ ಕೇಳದಿದ್ದರೂ.

ಅವನ ಮನೆಯ ನಂಬರು ಕೇಳಿ ನನ್ನ ಫೋನಿನಿಂದ ಹಚ್ಚಿಕೊಟ್ಟೆ. ಒಂದೇ ರಿಂಗಿಗೆ ಎತ್ತಿದರು. ಆ ಕಡೆ ಹಲವು ಹೆಂಗಸರಿದ್ದಂತೆ ಕೇಳಿತು. ಅವನು ತನ್ನ ಹೆಸರು ಹೇಳಿದ ಕೂಡಲೇ ಒಬ್ಬಾಕೆ ಕೂಗಿ ಕೇಳಿದ್ದು ನನಗೂ ಕೇಳಿಸಿತು.

"ಎಲ್ಲರೂ ಇದ್ದೀರಲಾ?"

ಅವನು ಫೋನನ್ನು ನನ್ನ ಕೈಗೆ ಕೊಟ್ಟುಬಿಟ್ಟ.