ಖಿಯೆಮ್‌ನ ಬೋಣಿ

ನಮ್ಮ ಕಡಲೂರು ಕ್ವಿ ನ್ಯೋನ್‌ಗೆ ಮೊದಲ ಸಲ ಬಂದವರು ಬಸ್ಸಿಳಿದು ಕೇಳುವುದು ಒಂದೇ ಮಾತು: ಯಾವ ಬೀಚಿಗೆ ಹೋಗಬೇಕು? ನಿಲ್ದಾಣದಲ್ಲಿ ಬಾಡಿಗೆಗೆ ಬೈಕ್ ಓಡಿಸುವ ನಮ್ಮಲ್ಲಿ ಇದಕ್ಕೆ ತಕ್ಷಣ ಉತ್ತರ ಕೊಡದವಳು ಲಾಯ್ ಅಕ್ಕ ಒಬ್ಬಳೇ. ಬಂದವರು ಖರ್ಚಿನಲ್ಲಿ ಕೈ ಬಿಗಿಯೋ ಸಡಿಲವೋ ಎಂದು ಅವಳು ಮೊದಲು ನೋಡುತ್ತಿದ್ದಳು.

ಗಂಡನಿದ್ದಾಗ ಗಾಳಿಮರದ ತೀರದಲ್ಲಿ ಅವಳದೊಂದು ನೀಲಿ ಚಾವಣಿಯ ಅಂಗಡಿಯಿತ್ತು. ಮೀನುವಡೆ ಹಾಕಿದ ಶಾವಿಗೆ ಸಾರಿಗೆ ಬೆಳಗಾಗುತ್ತಲೇ ಜನ ಸೇರುತ್ತಿದ್ದರು. ಗಂಡ ಕಡಲಿನಲ್ಲಿ ತೀರಿಕೊಂಡ. ಸೂತಕದ ಬಿಳಿಪಟ್ಟಿ ಅವಳ ಹಣೆಯ ಮೇಲಿರುವಾಗಲೇ ಮೈದುನ ಖಿಯೆಮ್ ತೀರದ ವ್ಯಾಪಾರಿಗಳನ್ನು ಕೂಡಿಸಿ, "ಸಾವಿನ ಮನೆಯವಳು ಇಲ್ಲಿ ಕೂತ್ರೆ ನಮ್ಮೆಲ್ಲರ ವ್ಯಾಪಾರಕ್ಕೂ ಕೇಡು" ಎಂದ. ಎಲ್ಲರೂ ತಲೆಯಾಡಿಸಿದರು. ಸೂತಕ ಕಳೆಯುವ ತನಕ ಎಂದು ಅವನು ಅವಳ ಒಲೆ ಹಚ್ಚಿದ. ಕಳೆದ ಮೇಲೂ ಜಾಗ ಬಿಡಲಿಲ್ಲ. ಅಕ್ಕ ಬೈಕ್ ಹಿಡಿದು ನಮ್ಮ ನಿಲ್ದಾಣ ಸೇರಿದಳು.

"ಅಪಶಕುನ ಅಂತ ತಾನೇ ನನ್ನ ಎಬ್ಬಿಸಿದ್ದು? ಅದರಲ್ಲೇ ಅವನನ್ನೂ ಎಬ್ಬಿಸ್ತೀನಿ," ಎಂದಿದ್ದಳು ಅಕ್ಕ.

ದಿನದ ಮೊದಲ ಗಿರಾಕಿ ಬೆಲೆ ಕೇಳಿ ಕೊಳ್ಳದೆ ಹೋದರೆ ನಮ್ಮಲ್ಲಿ ಬೋಣಿ ಕೆಟ್ಟಂತೆ. ಅಂಗಡಿಯವರು ಕಾಗದ ಸುಟ್ಟು ಆ ಕೇಡನ್ನು ಕಳೆಯುತ್ತಾರೆ, ಆದರೂ ಅಳುಕು ಹೋಗುವುದಿಲ್ಲ. ಅಕ್ಕ ನಸುಕಿನ ಬಸ್ಸಿಳಿದವರಲ್ಲಿ ನೀರಿನ ಬಾಟಲಿಗೂ ಚೌಕಾಸಿ ಮಾಡುವವರನ್ನು ಹೆಕ್ಕುತ್ತಿದ್ದಳು.

"ನಿಮಗೆ ಗಾಳಿಮರದ ಬೀಚೇ ಸರಿ. ಅಲ್ಲಿ ನೀಲಿ ಚಾವಣಿ ಅಂಗಡೀಲಿ ಎಲ್ಲದರ ರೇಟೂ ಕೇಳಿ. ಅವನು ಎಷ್ಟು ಹೇಳಿದ್ರೂ ಜಾಸ್ತೀನೇ."

ಕೈಬಿಚ್ಚಿ ಖರ್ಚು ಮಾಡುವವರನ್ನು ದಕ್ಷಿಣದ ಬಂಡೆ ತೀರದಲ್ಲಿ ಇಳಿಸುತ್ತಿದ್ದಳು.

ಮಳೆ ಹಿಡಿಯುವಷ್ಟರಲ್ಲಿ ಖಿಯೆಮ್‌ನ ಅಂಗಡಿ ಮುಂದೆ ಕಾಗದದ ಬೂದಿ ಕಾಣದ ಬೆಳಗೇ ಇರಲಿಲ್ಲ. ಅವನು ಬೆಲೆ ಕೇಳಿದವರ ಮೇಲೆಲ್ಲ ರೇಗತೊಡಗಿದ. ಅದನ್ನು ನೋಡಿ, ನಿಜವಾಗಿ ಕೊಳ್ಳಲು ಬಂದವರೂ ಪಕ್ಕದ ಅಂಗಡಿಗೆ ಸರಿದರು. ಕೊನೆಗೊಬ್ಬ ಗಿರಾಕಿ, "ಬೈಕಿನ ಹೆಂಗಸೇ ಕೇಳೋಕೆ ಹೇಳಿದ್ದು" ಎಂದು ಬಾಯಿಬಿಟ್ಟ. ಖಿಯೆಮ್ ನೇರವಾಗಿ ನಿಲ್ದಾಣಕ್ಕೆ ಬಂದ.

"ಅತ್ತಿಗೆ, ಸಾಕು ಮಾಡಿ. ಅರ್ಧ ಜಾಗ ಬಿಟ್ಕೊಡ್ತೀನಿ."

"ಅರ್ಧ ಬೋಣಿ ಅಂತ ಇರುತ್ತೇನೋ?"

"ನಾನು ನಿಮ್ಮ ಗಂಡನ ಒಡಹುಟ್ಟಿದವನು."

"ಹೌದಪ್ಪ. ಅವತ್ತು ನಿನ್ನ ಹಣೆ ಮೇಲೂ ಬಿಳಿಪಟ್ಟಿ ಇತ್ತು. ನಿನ್ನ ಯಾರೂ ಎಬ್ಬಿಸಲಿಲ್ಲ."

ನಾವೆಲ್ಲ ಬೈಕ್ ಒರೆಸುವವರಂತೆ ತಲೆ ತಗ್ಗಿಸಿದೆವು. ಅವನು ತಿರುಗಿ ನಡೆದ. ಆ ವಾರವೇ ಪಾತ್ರೆ, ಬೆಂಚು ಹೊತ್ತು ಜಾಗ ಖಾಲಿ ಮಾಡಿದ.

ಅಕ್ಕ ಮತ್ತೆ ಒಲೆ ಹೂಡಿದ ದಿನ ನಾನೇ ಬೋಣಿ ಮಾಡಿದೆ. ಸಾರು ಮೊದಲಿನ ಹಾಗೇ ಇತ್ತು.

"ಈಗ ಮನಸ್ಸು ತಣ್ಣಗಾಯ್ತಾ, ಅಕ್ಕ?"

"ಅವನು ಬಂಡೆ ಬೀಚಲ್ಲಿ ಅಂಗಡಿ ಹಾಕ್ತಿದ್ದಾನಂತೆ," ಎಂದು ಅವಳು ಇನ್ನೊಂದು ಸೌಟು ಸಾರು ಸುರಿದಳು. "ಇನ್ಮೇಲೆ ಜುಗ್ಗರನ್ನ ಅಲ್ಲಿಗೆ ಬಿಡು. ಬೆಳಕು ಹರಿಯೋಕೆ ಮುಂಚೆ."