ಅತ್ತೆಯ ಹಿಂದೆ ಓಡಿದ ಬೆಳಗು

ಎರಡು ವರ್ಷದ ಹಿಂದೆ, ಸಂಕ್ರಾಂತಿ ಮುಗಿದ ವಾರ. ಹಬ್ಬಕ್ಕೆಂದು ಪೆದ್ದಕಡುಬೂರಿನಿಂದ ಆದೋನಿಯ ನಮ್ಮ ಮನೆಗೆ ಬಂದಿದ್ದ ಅತ್ತೆಗೆ ಯಾಕೋ ಸುಸ್ತು. ಆಸ್ಪತ್ರೆಗೆ ಕರೆದುಕೊಂಡು ಹೋದೆ. ರಕ್ತಪರೀಕ್ಷೆ ಅಂದ ಕೂಡಲೇ ಅವರು ಕೈ ಸೆರಗಿನೊಳಗೆ ಎಳೆದುಕೊಂಡರು. "ಮೊದಲ ನೀ ಚುಚ್ಚಿಸ್ಕೋ. ಆಮ್ಯಾಲ ನಾನು" ಎಂದು ಹಟ ಹಿಡಿದರು. ಬೇರೆ ದಾರಿಯಿಲ್ಲದೆ ನಾನೂ ಕೈ ಚಾಚಿದೆ.

ಸಂಜೆ ರಿಪೋರ್ಟ್ ನೋಡಿದ ಡಾಕ್ಟರು, "ದೊಡ್ಡಮ್ಮಗ ರಕ್ತ ಸ್ವಲ್ಪ ಕಡಿಮಿ ಐತಿ, ಶುಗರ್ ಇಲ್ಲ. ಆದ್ರ ನಿಮ್ಮದು ಪ್ರಿಡಯಾಬಿಟಿಸ್ ಅಮ್ಮಾ" ಎಂದರು. ಅಂದರೆ ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಬರುವ ಸೂಚನೆ ಇದೆ. ಊಟ, ನಡಿಗೆ ಈಗಲೇ ಸರಿ ಮಾಡಿಕೊಂಡರೆ ತಪ್ಪಿಸಿಕೊಳ್ಳಬಹುದು, ಸದ್ಯಕ್ಕೆ ಮಾತ್ರೆ ಬೇಡ ಎಂದು ಬಿಡಿಸಿ ಹೇಳಿದರು.

ನನಗಿನ್ನೂ ನಲವತ್ತು ತುಂಬಿರಲಿಲ್ಲ. ಕೌತಾಳಂನಲ್ಲಿದ್ದ ನನ್ನ ಅಪ್ಪ ಇದೇ ಕಾಯಿಲೆಯಿಂದ ಒಂದು ಪಾದ ಕಳೆದುಕೊಂಡಿದ್ದರು. ದಾರಿಯುದ್ದಕ್ಕೂ ನನಗೆ ಅದೇ ಕಣ್ಣ ಮುಂದೆ. ಅತ್ತೆಗೋ ಬೇರೆಯದೇ ಚಿಂತೆ. "ಅಲ್ಲವ್ವಾ, ದಿನಾ ಬೆಲ್ಲ ತಿನ್ನಾಕಿ ನಾನು. ನಿನಗ ಹೆಂಗ ಬಂತಿದು?"

ಆ ಪ್ರಶ್ನೆ ನನ್ನನ್ನೂ ಹಿಡಿದುಕೊಂಡಿತು. ಶುಗರ್ ಮಿಷಿನ್ ತಂದೆ. ಯಾವುದು ತಿಂದರೆ ಎಷ್ಟು ಏರುತ್ತದೆ ಎಂದು ನೋಡುವ ಕುತೂಹಲ. ಮೊದಲ ದಿನ ರೊಟ್ಟಿ, ಮರುದಿನ ಉಗ್ಗಾಣಿ. ನೆನೆಸಿದ ಮಂಡಕ್ಕಿಯ ಒಗ್ಗರಣೆ ಅದು, ಜೊತೆಗೆ ಮಿರ್ಚಿ ಬಜ್ಜಿ. ನಮ್ಮ ಊರಿನ ಬೆಳಗಿನ ತಿಂಡಿ. ಮಂಡಕ್ಕಿ ಹಗುರ, ಎಷ್ಟು ತಿಂದರೂ ಏನಾಗುವುದಿಲ್ಲ ಎಂದು ತಟ್ಟೆ ತುಂಬ ತಿನ್ನುತ್ತಿದ್ದವಳು ನಾನು. ಮಿಷಿನ್ ತೋರಿಸಿದ್ದು ನೋಡಿ ದಂಗಾದೆ. ಹಿಂದಿನ ದಿನ ಜೋಳದ ರೊಟ್ಟಿ, ಪುಂಡಿಪಲ್ಯ ತಿಂದಾಗ ಇಷ್ಟು ಏರಿರಲಿಲ್ಲ.

"ತಿಂದ ಮ್ಯಾಲ ನಡೀರಿ ಅಂದಾರಲ್ಲ ಡಾಕ್ಟ್ರು? ನಾಳಿ ಇದನ್ನ ತಿಂದು ನಡದು ನೋಡೂಣು" ಎಂದರು ಅತ್ತೆ. ಈಗ ಅವರಿಗೆ ನನಗಿಂತ ಹೆಚ್ಚು ಹುರುಪು.

ಮರುದಿನ ಅಷ್ಟೇ ಉಗ್ಗಾಣಿ ತಿಂದು ಇಬ್ಬರೂ ಹೊರಟೆವು. ಮಿಷಿನ್ ಇದ್ದ ಕೈಚೀಲ ಅತ್ತೆಯ ಬಗಲಲ್ಲಿ. ಹೊಲದ ಬದುವಿನ ಮೇಲೆ ಜೀವನವೆಲ್ಲ ನಡೆದ ಕಾಲು ಅವು. ಸುಸ್ತೆಲ್ಲ ಎಲ್ಲಿ ಹೋಯಿತೋ, ಹಿಂದೆ ನೋಡದೆ ನಡೆದೇ ಬಿಟ್ಟರು. ನಾನು ಏದುಸಿರು ಬಿಡುತ್ತ, "ಅತ್ತೀ, ನಿಂದರ್ರಿ! ಹಂಗ ಬಿಟ್ಟು ಹೋಗಬ್ಯಾಡ್ರಿ!" ಎಂದು ಕೂಗುತ್ತ ಓಡಿದೆ.

ಅಂಗಳ ಗುಡಿಸುತ್ತಿದ್ದ ಪಕ್ಕದ ಮನೆಯ ಲಕ್ಷ್ಮಮ್ಮ, "ಏಮೈಂದಮ್ಮಾ? ಏನಾತು?" ಎಂದದ್ದು ಕೇಳಿಸಿತು. ಉತ್ತರಿಸಲು ನನಗೆ ಉಸಿರಿರಲಿಲ್ಲ.

ರೈಲ್ವೆ ಗೇಟಿನ ಹತ್ತಿರ ಬೈಕೊಂದು ಬಂದು ನಮಗೆ ಅಡ್ಡ ನಿಂತಿತು. ನಮ್ಮ ಯಜಮಾನರು! ಹತ್ತಿ ಸೀಸನ್ನಿನಲ್ಲಿ ಹೊತ್ತು ಹುಟ್ಟುವ ಮುಂಚೆ ದಲಾಲಿ ಅಂಗಡಿಯ ಗಾದಿಯ ಮೇಲೆ ಕೂತರೆ ಊಟಕ್ಕೂ ಏಳದವರು.

"ಯವ್ವಾ, ಏನಂದ್ಲು ನಿನಗ? ಮನಿ ಬಿಟ್ಟು ಹೊಂಟೀಯಂತ, ಲಕ್ಷ್ಮಮ್ಮ ಫೋನ್ ಮಾಡಿದ್ರು!"

ಸುತ್ತ ಜನ ನಿಂತರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅತ್ತೆ ಮಾತ್ರ ಸೆರಗು ಬಾಯಿಗಿಟ್ಟುಕೊಂಡು ನಕ್ಕೂ ನಕ್ಕು, "ಆಕಿ ಸಕ್ಕರಿ ಇಳಸಾಕ ಹೊಂಟೀವೋ" ಎಂದರು.

ಮನೆಗೆ ಬಂದು ಕಟ್ಟೆಯ ಮೇಲೆ ಕೂತು ನೋಡಿದರೆ ನನ್ನದು ನಿನ್ನೆಗಿಂತ ಎಷ್ಟೋ ಕಡಿಮೆ! ನಾನು ಹಿಗ್ಗುತ್ತಿರುವಾಗ ಇವರೂ ಬೆರಳು ಮುಂದೆ ಮಾಡಿದರು. "ನಂದೂ ನೋಡು ಒಮ್ಮಿ. ನಮ್ಮವ್ವನ ಮಗ ನಾನು, ನನಗ್ಯಾಕ ಬರ್ತತಿ?"

ಮಿಷಿನ್ ನೋಡಿ ನನ್ನ ನಗು ನಿಂತಿತು. ನನ್ನದಕ್ಕಿಂತ ಎಷ್ಟೋ ಹೆಚ್ಚು! ಸೂಜಿ, ಪಟ್ಟಿ ಎರಡನ್ನೂ ಬದಲಿಸಿ ಇನ್ನೊಮ್ಮೆ ನೋಡಿದೆ. ಮತ್ತೆ ಅಷ್ಟನ್ನೇ ತೋರಿಸಿತು. ಬಾಯಿ ಒಣಗುತ್ತದೆ ಎಂದು ಇವರು ತಿಂಗಳುಗಳಿಂದ ಬಾಟಲಿಗಟ್ಟಲೆ ನೀರು ಕುಡಿಯುತ್ತಿದ್ದರು. ಹತ್ತಿಯ ಧೂಳಿಗೆ ಹಾಗಾಗುತ್ತದೆ ಎಂದುಕೊಂಡಿದ್ದೆವು. ಮರುದಿನದ ಪರೀಕ್ಷೆಯಲ್ಲಿ ಅದು ಸಕ್ಕರೆ ಕಾಯಿಲೆಯೇ ಎಂದು ಖಾತ್ರಿಯಾಯಿತು. "ಸರಿಯಾದ ಹೊತ್ತಿಗೆ ಬಂದೀರಿ. ಕಣ್ಣು, ಕಿಡ್ನಿ ಎಲ್ಲಾ ಚೆನ್ನಾಗದಾವ" ಎಂದರು ಡಾಕ್ಟರು.

ನನ್ನ ಸಕ್ಕರೆ ಕೆಲವು ತಿಂಗಳಲ್ಲಿ ಹದಕ್ಕೆ ಬಂತು. ಇವರದು ಮಾತ್ರೆ, ರೊಟ್ಟಿ, ನಡಿಗೆಯಿಂದ ಹಿಡಿತದಲ್ಲಿದೆ. ಲಕ್ಷ್ಮಮ್ಮನ ಮೇಲೆ ಅವತ್ತು ಬಂದ ಸಿಟ್ಟು ಅಷ್ಟಿಷ್ಟಲ್ಲ. ಈಗ ಎದುರಿಗೆ ಸಿಕ್ಕರೆ ಆಕೆಯ ಕೈ ಹಿಡಿದುಕೊಳ್ಳಬೇಕು ಅನ್ನಿಸುತ್ತದೆ. ಬೀದಿಯಲ್ಲಿ ನನ್ನ ಮಾನ ಹೋಯಿತು ನಿಜ. ಆದರೆ ಅಮ್ಮ ಮನೆ ಬಿಟ್ಟಳು ಎಂಬ ಸುದ್ದಿಯ ಹೊರತು ಬೇರೆ ಯಾವುದೂ ಆ ಮನುಷ್ಯನನ್ನು ಗಾದಿಯಿಂದ ಎಬ್ಬಿಸುತ್ತಿರಲಿಲ್ಲ.